ಜಲಜಕ್ಕ ಹೊಲಿದಿಟ್ಟ ಗಂಟೆಪುಸ್ತಕ

ಇದು ನಡೆದದ್ದು ದೋಣಿಗಳಿಗೆ ಡಬ್ಬಿ ಬಂದ ಎರಡನೆಯ ವರ್ಷ, ಮಳೆ ಇಳಿಯುವ ಸೋಣ ತಿಂಗಳಲ್ಲಿ. ಬಹಳ ಹಿಂದೆ. ಎಷ್ಟು ಹಿಂದೆ ಎಂದರೆ, ಕಂಡವರು ಈಗಿಲ್ಲ, ಕೇಳಿದವರು ಮಾತ್ರ ಇದ್ದೇವೆ. ಪಡುಕೋಡಿ ಎಂಬ ಊರು. ಒಂದು ಕಡೆ ಕಡಲು, ಒಂದು ಕಡೆ ಹೊಳೆ, ಎರಡೂ ಕೂಡುವ ಅಳಿವೆ. ಅಳಿವೆ ದಾಟಿದರೆ ಮೀನು, ದಾಟದಿದ್ದರೆ ಉಪವಾಸ. ಗಾಳಿ ಎದ್ದ ಮೇಲೆ ಅಳಿವೆಗೆ ಬಂದ ದೋಣಿ ದಡ ಸೇರಿದ್ದಿಲ್ಲ.

ಡಬ್ಬಿ ಎಂದರೆ ತಗಡಿನದಲ್ಲ, ಸಾಫ್ಟ್‌ವೇರಿನದು. ಒಂದು ಪ್ರೋಗ್ರಾಮು, ಅದಕ್ಕೆ ಬೇಕಾದ ಸಾಮಾನು, ಅಷ್ಟನ್ನೇ ಗಂಟು ಕಟ್ಟಿ ದೋಣಿಯ ಪುಟ್ಟ ಯಂತ್ರಕ್ಕೆ ರೇಡಿಯೊದಲ್ಲಿ ಕಳಿಸುವುದು. ರೇಡಿಯೊ ನಿಧಾನ. ಹಾಗಾಗಿ ಡಬ್ಬಿ ಸಣ್ಣದಿರಬೇಕು. ತೂಫಾನಿನ ಸುದ್ದಿ ಬಂದರೆ, ಗಾಳಿ ಎಷ್ಟು ಗಂಟೆಗೆ ಏಳುತ್ತದೆ ಎಂದು ಡಬ್ಬಿ ಹೇಳಬೇಕು. ಅದರ ಕೆಲಸ ಅಷ್ಟೇ.

ಮೀನುಗಾರರ ಸೊಸೈಟಿಯಲ್ಲಿ ಡಬ್ಬಿ ಕಟ್ಟುತ್ತಿದ್ದವಳು ಜಲಜಾಕ್ಷಿ. ಊರಿಗೆಲ್ಲ ಜಲಜಕ್ಕ. ಲೋಕದ ಆರುನೂರು ಊರುಗಳ ಗಂಟೆ ಅವಳಿಗೆ ಬಾಯಿಪಾಠವಿತ್ತಂತೆ. ನಾನೂರು ಎನ್ನುವವರೂ ಇದ್ದಾರೆ. ಅವಳು ಮಾತ್ರ ತನಗೆ ಒಂದೂ ಬಾಯಿಪಾಠವಿಲ್ಲ, ಅದಕ್ಕೇ ಪುಸ್ತಕ ಬೇಕು ಎನ್ನುತ್ತಿದ್ದಳಂತೆ.

ಪುಸ್ತಕ ಎಂದರೆ ಗಂಟೆಪುಸ್ತಕ. ಯಾವ ಊರಲ್ಲಿ ಗಂಟೆ ಎಷ್ಟು, ಯಾವ ದೇಶ ಯಾವ ದಿನ ಗಡಿಯಾರವನ್ನು ಹಿಂದೆ ಮುಂದೆ ಮಾಡಿತು ಎಂಬ ಲೆಕ್ಕ. ತೂಫಾನಿನ ಸುದ್ದಿ ಬರುವುದು ಗ್ರೀನ್‌ವಿಚ್ಚಿನ ಗಂಟೆಯಲ್ಲಿ. ಡಬ್ಬಿ ಆ ಪುಸ್ತಕ ತೆರೆದು ಅದನ್ನು ನಮ್ಮೂರ ಗಂಟೆ ಮಾಡಿ ಹೇಳಬೇಕು.

ಸೊಸೈಟಿಯ ಯಜಮಾನರು ಅಂಗರ ತಿಂಗಳಾಯರು. ಅವರಿಗೆ ಒಂದೇ ಹೆಮ್ಮೆ. ಕರಾವಳಿಯಲ್ಲೇ ಸಣ್ಣ ಡಬ್ಬಿ ಪಡುಕೋಡಿಯದು! ಇನ್ನೂ ಸಣ್ಣದಾಗಲಿ ಎಂದು ಅವರು ಒಂದೊಂದೇ ಸಾಮಾನು ತೆಗೆಸಿದರಂತೆ. ಹಾಗೆ ತೆಗೆಸುತ್ತ ಗಂಟೆಪುಸ್ತಕವನ್ನೂ ತೆಗೆಸಿದರು. ಮೊದಲ ವರ್ಷ ತೂಫಾನೇ ಬರಲಿಲ್ಲ. ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ಬಿದ್ದದ್ದು ಜಲಜಕ್ಕನ ಕಣ್ಣಿಗೆ. ಪುಸ್ತಕ ಇಲ್ಲದ ಡಬ್ಬಿ ತಪ್ಪಾಯಿತೆಂದು ಕೂಗುವುದಿಲ್ಲ, ನಿಲ್ಲುವುದಿಲ್ಲ. ಗ್ರೀನ್‌ವಿಚ್ಚಿನ ಗಂಟೆಯನ್ನೇ ನಮ್ಮೂರ ಗಂಟೆ ಎಂದು ಹೇಳಿಬಿಡುತ್ತದೆ. ಐದೂವರೆ ಗಂಟೆ ವ್ಯತ್ಯಾಸ. ಅವಳು ಪುಸ್ತಕವನ್ನು ಮತ್ತೆ ಒಳಗಿಟ್ಟಳು.

ಯಜಮಾನರು ತೆಗೆಸಿದರು. ಅವಳು ಇಟ್ಟಳು. ಅವರು ತೆಗೆಸಿದರು. ಅವಳು ಇಟ್ಟಳು.

"ಎಂಥದು ಮಾರಾಯ್ತಿ, ಐದೂವರೆ ಕೂಡಿಸಿದರೆ ಮುಗೀತಲ್ಲ" ಎಂದರಂತೆ ಯಜಮಾನರು.

"ನಮ್ಮ ದೋಣಿ ಮಾಲ್ಡೀವ್ಸಿಗೆ ಹೋದರೆ ಅಲ್ಲಿ ಕೂಡಿಸಬೇಕಾದ್ದು ಐದು. ಮಸ್ಕತ್ತಿನ ಕಡೆ ನಾಲ್ಕು. ನಾಳೆ ಯಾವನೋ ದೊರೆ ಗಡಿಯಾರ ತಿರುಗಿಸಿದರೆ ಎಷ್ಟು ಯಜಮಾನ್ರೇ?"

ಪುಸ್ತಕ ಬಿಡು, ಇಲ್ಲವಾದರೆ ಕೆಲಸ ಬಿಡು ಎಂದರಂತೆ ಅವರು.

ಅವಳು ಎರಡನ್ನೂ ಬಿಡಲಿಲ್ಲ. ಅಲ್ಲಿಯವರೆಗೆ ಪುಸ್ತಕ ಡಬ್ಬಿಯಲ್ಲಿ ಬೇರೆಯಾಗಿ ಕೂತಿತ್ತು, ಯಾರು ಬೇಕಾದರೂ ಎತ್ತಿ ಎಸೆಯಬಹುದಿತ್ತು. ಈಗ ಅವಳು ಅದನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೇ ಹೊಲಿದುಬಿಟ್ಟಳು. ಪುಸ್ತಕ ಬೇಡವೆಂದರೆ ಪ್ರೋಗ್ರಾಮನ್ನೇ ಬಿಚ್ಚಬೇಕು. ಹೆಚ್ಚಾದ ತೂಕ ನಾನೂರ ಐವತ್ತು ಕೆಬಿ. ಮಾಡಿದ್ದನ್ನು ಮುಚ್ಚಿಡಲಿಲ್ಲ. ಸೊಸೈಟಿಯ ಬಾಗಿಲ ಮೇಲೆ ಕಾಗದ ಅಂಟಿಸಿ ದೊಡ್ಡಕ್ಷರದಲ್ಲಿ ಬರೆದಳು: "ಗಂಟೆಪುಸ್ತಕ ಒಳಗಿದೆ. ತೆಗೆಯುವವರು ಕೆಳಗೆ ಹೆಸರು ಬರೆದು ತೆಗೆಯಿರಿ."

ಬಾಗಿಲ ಮುಂದೆ ಬಹಳ ಜನ ನಿಂತರಂತೆ. ಬಹಳ ಜನ ಓದಿದರಂತೆ. ಪೆನ್ನು ಯಾರೂ ತೆಗೆಯಲಿಲ್ಲ.

ಹನ್ನೊಂದು ದೋಣಿಗಳಿಗೆ ಹೊಸ ಡಬ್ಬಿ ಹೋಯಿತು. ಹನ್ನೆರಡನೆಯದು ಯಜಮಾನರ ಸ್ವಂತ ದೋಣಿ. "ನನ್ನ ದೋಣಿಗೆ ಹಳೆಯದೇ ಸಾಕು. ಅವಳ ಡಬ್ಬಿ ದಪ್ಪ, ತಲೆಯೂ ದಪ್ಪ" ಎಂದರಂತೆ. ಆ ದೋಣಿಯಲ್ಲಿ ಬಲೆ ಎಳೆಯುತ್ತಿದ್ದವನು ಭೋಜ, ಜಲಜಕ್ಕನ ಒಬ್ಬನೇ ತಮ್ಮ. ಬೇರೆ ದೋಣಿ ನೋಡಿಕೋ ಎಂದು ಅವಳು ಹೇಳಿದಳು. ಅನ್ನ ಕೊಟ್ಟ ದೋಣಿ ಅಕ್ಕಾ, ಹೇಗೆ ಬಿಡಲಿ ಎಂದ ಅವನು.

ಎಂಟು ದಿನಕ್ಕೆ ಸರಿಯಾಗಿ ತೂಫಾನಿನ ಸುದ್ದಿ ಬಂತು. ಹನ್ನೊಂದು ಡಬ್ಬಿಗಳು ಮಧ್ಯಾಹ್ನ ಎರಡೂವರೆ ಎಂದವು. ಯಜಮಾನರ ಡಬ್ಬಿ ಬೆಳಿಗ್ಗೆ ಒಂಬತ್ತು ಎಂದಿತು. ಹನ್ನೊಂದು ದೋಣಿಗಳು ದಕ್ಕೆಯಲ್ಲೇ ಹಗ್ಗ ಬಿಗಿದು ನಿಂತವು. ಯಜಮಾನರ ದೋಣಿಯೂ ಒಂಬತ್ತರವರೆಗೆ ನಿಂತಿತು. ಒಂಬತ್ತಾಯಿತು, ಹತ್ತಾಯಿತು. ಕಡಲು ತಟ್ಟೆಯಲ್ಲಿಟ್ಟ ಎಣ್ಣೆಯಂತಿತ್ತು. ಗಾಳಿ ಬೇರೆ ಕಡೆ ತಿರುಗಿತು ಎಂದುಕೊಂಡು, ದೋಣಿ ನಡೆಸುವ ಟಂಡೇಲ ದೋಣಿ ಬಿಟ್ಟ.

ಜಲಜಕ್ಕ ದಕ್ಕೆಗೆ ಬಂದಾಗ ಹನ್ನೆರಡು ಗಂಟೆ. ಎಣಿಸಿದಳು. ಹನ್ನೊಂದೇ ದೋಣಿ. ಓಡಿ ಬಂದು ಸೊಸೈಟಿಯ ರೇಡಿಯೊ ಹಿಡಿದು, ದೋಣಿ ತಿರುಗಿಸಿ ಎಂದಳು. ಯಜಮಾನರ ಬಾಯಿಂದ ಬರಲಿ ಎಂದ ಟಂಡೇಲ. ಯಜಮಾನರು ಅಲ್ಲೇ ಕುರ್ಚಿಯಲ್ಲಿದ್ದರು.

"ತಮ್ಮ ನನ್ನವನು, ದೋಣಿ ನಿಮ್ಮದು. ಹೇಳಿ."

"ಗಾಳಿ ಬಾರದಿದ್ದರೆ? ಇವತ್ತಿನ ಮೀನು ಯಾರಪ್ಪನ ಮನೆಯಿಂದ ತರಲಿ?"

"ಬಾರದಿದ್ದರೆ ಪುಸ್ತಕ ನಾನೇ ಬಿಚ್ಚುತ್ತೇನೆ. ಬಾಗಿಲ ಮೇಲೆ ಮೊದಲ ಹೆಸರು ನನ್ನದೇ ಬರೆಯುತ್ತೇನೆ. ಹೇಳಿ!"

ಯಜಮಾನರು ಅವಳ ಮುಖ ನೋಡಿದರಂತೆ, ಗಡಿಯಾರ ನೋಡಿದರಂತೆ. ಆಮೇಲೆ ರೇಡಿಯೊ ತೆಗೆದುಕೊಂಡು ಒಂದೇ ಮಾತು ಹೇಳಿದರಂತೆ: "ತಿರುಗು."

ದೋಣಿ ಅಳಿವೆ ದಾಟಿದ್ದು ಎರಡು ಇಪ್ಪತ್ತಕ್ಕೆ. ಭೋಜ ದಕ್ಕೆಗೆ ಹಗ್ಗ ಎಸೆಯುವಾಗಲೇ ಪಡುವಣ ಬಾನು ಕಪ್ಪಾಯಿತು. ಎರಡೂವರೆಗೆ ಗಾಳಿ ಬಂತು. ಆ ಹತ್ತು ನಿಮಿಷ ಜಲಜಕ್ಕ ಸೆರಗು ಹಾಸಿ ಗಾಳಿಯನ್ನು ತಡೆದಳು ಎನ್ನುತ್ತಾರೆ. ಅದು ಸುಳ್ಳು. ಅವಳು ದಕ್ಕೆಯ ಮೇಲೆ ನಿಂತು ಗಡಿಯಾರ ನೋಡುತ್ತಿದ್ದಳು. ಸೊಸೈಟಿಯ ಹಂಚಿನ ಮಾಡು ಹಾರಿಹೋಯಿತು ಎನ್ನುತ್ತಾರೆ. ಅದು ನಿಜ.

ಮರುದಿನ ಯಜಮಾನರು ತಾವಾಗಿ ಬಂದು ತಮ್ಮ ದೋಣಿಗೂ ಹೊಸ ಡಬ್ಬಿ ಹಾಕು ಎಂದರಂತೆ. ಹಾಕಿದಳು. ಸರಿಯಿದೆಯೋ ಇಲ್ಲವೋ ನೀವೇ ಕೇಳಿ ನೋಡಿ ಎಂದಳು. ಏನಂತ ಕೇಳಲಿ ಎಂದರು. ಮಸ್ಕತ್ತಿನಲ್ಲಿ ಈಗ ಗಂಟೆ ಎಷ್ಟು ಎಂದು ಕೇಳಿ ಎಂದಳು. ಅಷ್ಟು ದೊಡ್ಡ ಯಜಮಾನರು ಬಗ್ಗಿ, ಎಲ್ಲರ ಎದುರು, ಡಬ್ಬಿಯನ್ನು ಕೇಳಿದರಂತೆ.

ಜಲಜಕ್ಕ ಹೋಗಿ ಎಷ್ಟೋ ಕಾಲವಾಯಿತು. ಈಗಲೂ ಪಡುಕೋಡಿಯಲ್ಲಿ ಹೊಸ ಡಬ್ಬಿ ದೋಣಿಗೆ ಏರುವ ಮುಂಚೆ ಅದೇ ಪ್ರಶ್ನೆ. ಮಸ್ಕತ್ತಿನಲ್ಲಿ ಗಂಟೆ ಎಷ್ಟು? ಗ್ರೀನ್‌ವಿಚ್ಚಿನ ಗಂಟೆ ಹೇಳಿದ ಡಬ್ಬಿ ದಕ್ಕೆ ದಾಟುವುದಿಲ್ಲ, ಯಾರು ಕಟ್ಟಿದ್ದಾದರೂ ಸರಿ. ಸೊಸೈಟಿಯ ಬಾಗಿಲ ಮೇಲೆ ಆ ಕಾಗದವೂ ಇದೆ. ಹಳತಾದಾಗ ಅದೇ ಮಾತನ್ನು ಹೊಸ ಕಾಗದದಲ್ಲಿ ಬರೆದು ಅಂಟಿಸುತ್ತಾರೆ. ಕೆಳಗೆ ಹೆಸರಿಗೆ ಜಾಗ ಬಿಡುತ್ತಾರೆ.

ಇವತ್ತಿನವರೆಗೆ ಅಲ್ಲಿ ಬರೆದ ಹೆಸರುಗಳ ಸಂಖ್ಯೆ ಸೊನ್ನೆ.