ಅಡವಯ್ಯ ಅಜ್ಜನವರ ದಣಿದ ಹೊಟ್ಟು

ಬರ್ರಿ, ದುಡಿದು ಸೋತು ಬಂದಿದ್ದೀರಿ, ಗೋಡೆಗೆ ಒರಗಿ ಕೂಡ್ರಿ. ಕೈಯಲ್ಲಿದ್ದದ್ದನ್ನು ಅತ್ತ ಇಡಿ. ನಮ್ಮ ಅಡವಯ್ಯ ಅಜ್ಜನವರ ಒಂದು ಸಂಗತಿ ಹೇಳುತ್ತೇನೆ. ಪವಾಡ ನಡೆಯಿತೆಂದು ಊರೆಲ್ಲ ಕುಣಿದಾಡಿದ್ದನ್ನು ಅಜ್ಜನವರೇ ಕೈಯಾರೆ ಬಳಿದು ಹಾಕಿದ ಸಂಗತಿ.

ಅಜ್ಜನವರು ಇರುತ್ತಿದ್ದದ್ದು ನಮ್ಮೂರ ಬಣ್ಣದ ಓಣಿಯ ತುದಿಯಲ್ಲಿ, ಸೇದುವ ಬಾವಿಯ ಮಗ್ಗುಲ ಗುಡಿಸಲಿನಲ್ಲಿ. ಮಠವಿಲ್ಲ, ಪೀಠವಿಲ್ಲ, ಒಂದು ಕಂಬಳಿ, ಒಂದು ಜೋಳಿಗೆ. ನಮ್ಮದು ನೇಕಾರರ ಊರು. ಸೀರೆಯ ನೂಲಿಗೆ ಬಣ್ಣ ಹಾಕುವವರೆಲ್ಲ ಆ ಓಣಿಯವರು. ಹಿಂದೆ ಬೇರು ತೊಗಟೆಯ ಬಣ್ಣವಿತ್ತಂತೆ. ನಾನು ಸೊಸೆಯಾಗಿ ಬರುವಷ್ಟರಲ್ಲಿ ಡಬ್ಬಿಯ ಪುಡಿ ಬಣ್ಣ ಬಂದಿತ್ತು. ನೂಲು ಕುದಿಸಿದ ನೀರನ್ನು ಗಟಾರಕ್ಕೆ ಚೆಲ್ಲುವರು, ಅದು ನೆಲಕ್ಕಿಳಿದು ಬಾವಿ ಸೇರುವುದು. ಓಣಿಯಲ್ಲಿ ಕೆಂಪು ಕುದಿಸಿದರೆ ನಮ್ಮ ಕೊಡದಲ್ಲೂ ಕೆಂಪು. ಬೇರೆ ನೀರು ಬೇಕೆಂದರೆ ದೂರದ ಹಳ್ಳಕ್ಕೆ ಹೋಗಬೇಕು. ಹೊತ್ತು ಹೊತ್ತು ಹೆಂಗಸರ ಕುತ್ತಿಗೆ ಸೋತಿತ್ತು. ಕಡೆಗೆ ಆ ಬಾವಿಯದನ್ನೇ ಕುಡಿದರು. ಹೊಟ್ಟೆನೋವು, ಬಾಯಿಹುಣ್ಣು ಮನೆಮನೆಯಲ್ಲೂ ಇದ್ದವು.

ಒಮ್ಮೆ ಯಾರೋ ಸುಟ್ಟ ಶೇಂಗಾ ಹೊಟ್ಟನ್ನು ಗಟಾರಕ್ಕೆ ಅಡ್ಡ ಸುರಿದಿದ್ದರು. ಮೇಲಿಂದ ಕೆಂಪಗೆ ಬಂದ ನೀರು ಆ ಗುಡ್ಡೆಯನ್ನು ಹೊಕ್ಕು, ಆಚೆಗೆ ತಿಳಿಯಾಗಿ ಜಿನುಗುತ್ತಿತ್ತು. ದಿನಾ ಅದನ್ನು ದಾಟಿ ಹೋಗುವವರು ನಾವೆಲ್ಲ ಇದ್ದೆವು, ನಿಂತು ನೋಡಿದವರು ಅಜ್ಜನವರೊಬ್ಬರೇ. ಅಂದಿನಿಂದ ಅವರು ಜೋಳಿಗೆಗೆ ರೊಟ್ಟಿಯ ಜೊತೆ ಶೇಂಗಾ ಹೊಟ್ಟು, ತೆಂಗಿನ ಕರಟ ಬೇಡತೊಡಗಿದರು. ಬಾಯಿ ಮುಚ್ಚಿದ ಮಡಕೆಯಲ್ಲಿ ಅದನ್ನು ಸುಟ್ಟು, ಕುಟ್ಟಿ, ಕರಿನೀರು ಹೋಗುವ ತನಕ ತೊಳೆದು, ತಳದಲ್ಲಿ ತೂತಿರುವ ಗಡಿಗೆಯಲ್ಲಿ ಮರಳಿನ ಮೇಲೆ ತುಂಬಿದರು. ಮೇಲೆ ಬಾವಿನೀರು ಹೊಯ್ದರೆ ಕೆಳಗೆ ಹನಿಹನಿಯಾಗಿ ಬಣ್ಣವಿಲ್ಲದ ನೀರು. ಓಣಿ ಕುಡಿದು ನೆಮ್ಮದಿಯ ಉಸಿರು ಬಿಟ್ಟಿತು.

ಚಳಿ ಕಳೆದ ಮೇಲೆ ಊರೂರು ತಿರುಗುವುದು ಅಜ್ಜನವರ ಪದ್ಧತಿ. ಆ ವರ್ಷ ಹೊರಡುವಾಗ ಗಡಿಗೆಯನ್ನು ಮುದಕಪ್ಪನಿಗೆ ಒಪ್ಪಿಸಿದರು. ಮುದಕಪ್ಪನೆಂದರೆ ಅಜ್ಜನವರ ನೆರಳನ್ನೂ ತುಳಿಯದ ಭಕ್ತ.

"ಅಮಾಸಿಗೊಮ್ಮೆ ಹೊಟ್ಟು ತಗದು ಹೊಸಾದು ಹಾಕಪಾ, ಮರೀಬ್ಯಾಡ."

"ಆಗಲ್ರಿ ಅಜ್ಜಾರ."

ಅಮಾವಾಸ್ಯೆ ಬಂತು. ಮುದಕಪ್ಪ ಗಡಿಗೆಗೆ ಕೈ ಹಾಕಿದ, ಹಾಗೇ ಕೈ ಹಿಂದೆಗೆದ. ಅಜ್ಜನವರು ಸ್ವತಃ ತೊಳೆದು ತುಂಬಿದ ಹೊಟ್ಟು, ತಿಪ್ಪೆಗೆ ಚೆಲ್ಲುವುದು ಹೇಗೆ? ಮನಸ್ಸು ಬರಲಿಲ್ಲ. ಗಡಿಗೆಗೆ ವಿಭೂತಿ ಬಳಿದ, ಹೂವು ಏರಿಸಿದ. ಅತ್ತ ಅಜ್ಜನವರು ಯಾವುದೋ ಹಳ್ಳಿಯಲ್ಲಿ ಜ್ವರ ಹಿಡಿದು ಮಲಗಿದ್ದರು. ಬೇಸಿಗೆಯೆಲ್ಲ ಹೊಟ್ಟು ಬದಲಾಗಲೇ ಇಲ್ಲ.

ಒಂದು ದಿನ ಗಡಿಗೆಯ ಕೆಳಗೆ ಬಿದ್ದ ನೀರು ತೆಳ್ಳಗೆ ಕೆಂಪಾಗಿತ್ತು. ಮುದಕಪ್ಪ ಅಲ್ಲೇ ಅಡ್ಡಬಿದ್ದ. "ಕುಂಕುಮತೀರ್ಥ! ಅಜ್ಜಾರು ಎಲ್ಲೇ ಇದ್ರೂ, ಮಹಿಮಾ ಇಲ್ಲೈತಿ!" ಸುದ್ದಿ ಹರಡಿತು. ಸುತ್ತಿನ ಹಳ್ಳಿಯವರು ತಂಬಿಗೆ ಹಿಡಿದು ಬಂದರು. ಒಬ್ಬಾಕೆಯಂತೂ ಗಡಿಗೆಯ ಬಾಯಿಂದ ಚಿಟಿಕೆ ಹೊಟ್ಟು ಕದ್ದು ಸೆರಗಿಗೆ ಗಂಟು ಹಾಕಿಕೊಂಡಳು.

ಬಾವಿಯ ಎದುರು ಮನೆಯ ದಾನವ್ವ ನೂಲಿಗೆ ಬಣ್ಣ ಹಾಕಿ ಬದುಕುವವಳು. ದೇವರು ದಿಂಡರೆಂದರೆ ಅವಳಿಗೆ ಅಷ್ಟಕ್ಕಷ್ಟೆ. ಅವಳ ಮಗಳು ಸಂಕವ್ವನಿಗೆ ವಾಂತಿ ಹತ್ತಿತು, ಬಾಯಿ ಹುಣ್ಣಾಯಿತು. ಮುದಕಪ್ಪ ಪಾಪ, ಕರುಣೆಯಿಂದಲೇ ದಿನವೂ ತಂಬಿಗೆ ತುಂಬ ತೀರ್ಥ ಕಳಿಸಿದ. ಕೂಸು ಕುಡಿದಷ್ಟೂ ಸೊರಗಿತು.

"ಯಣ್ಣಾ, ಅದು ಬಣ್ಣದ ನೀರೋ, ಕಣ್ಣು ಬಿಟ್ಟು ನೋಡೋ" ಎಂದಳು ದಾನವ್ವ.

"ನಾಲಿಗಿ ಹಿಡಿ ದಾನವ್ವಾ, ನಿನ್ನ ಅಪನಂಬಿಕಿನ ಕೂಸಿಗೆ ಬಡದೈತಿ" ಎಂದ ಅವನು.

ಮಳೆ ಕಾಣುವ ಹೊತ್ತಿಗೆ ಅಜ್ಜನವರು ಎತ್ತಿನ ಬಂಡಿಯಲ್ಲಿ ಮಲಗಿಕೊಂಡೇ ಬಂದರು. ಜ್ವರ ಮೈಯನ್ನು ಹಿಂಡಿತ್ತು. ಜನ ತಾಳ ಬಡಿಯುತ್ತ ಅವರನ್ನು ಗಡಿಗೆಯ ಮುಂದೆ ಕೂರಿಸಿದರು. ಮುದಕಪ್ಪ ಬೊಗಸೆಗೆ ತೀರ್ಥ ಹೊಯ್ದ.

ಆಗ ದಾನವ್ವ ಮಗಳನ್ನು ಹೆಗಲಿಗೆ ಹಾಕಿಕೊಂಡು ಜನರನ್ನು ಸರಿಸಿ ಬಂದಳು. ಸಿಟ್ಟು ಮಾಡುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

"ಅಜ್ಜಾರ, ನಿಮ್ಮ ತೀರ್ಥ ನನ್ನ ಮಗಳನ್ನ ತಿನ್ನಾಕತ್ತೈತ್ರಿ. ನಂಗ ಪುಣ್ಯೇನೂ ಬ್ಯಾಡ. ಈ ಕೂಸೊಂದು ಉಳಿದ್ರ ಸಾಕು."

"ಹೊರಗ ಹಾಕ್ರಿ ಈಕಿನ್ನ!" ಎಂದು ಜನ ಕೂಗಿದರು.

ಅಜ್ಜನವರು ಬೊಗಸೆಯ ನೀರನ್ನು ನೋಡಿದರು. ಕೂಸಿನ ಬೆನ್ನ ಮೇಲಿದ್ದ ದಾನವ್ವನ ಕೈಯನ್ನು ನೋಡಿದರು. ಬೆರಳ ಸಂದಿಯಲ್ಲಿ ಅದೇ ಕೆಂಪು.

"ಇದು ನಿನ್ನ ನೂಲಿನ ಬಣ್ಣ ಹೌದಲ್ಲವಾ, ತಾಯಿ?"

"ಹೌದ್ರಿ."

ಅಜ್ಜನವರು ಬೊಗಸೆ ಬಿಟ್ಟರು. ಮೊಳಕಾಲೂರಿ ಎದ್ದು, ಹೂವು ಕಿತ್ತು ಬದಿಗಿಟ್ಟು, ಗಡಿಗೆಯೊಳಗೆ ಎರಡೂ ಕೈ ಹಾಕಿ ಹೊಟ್ಟನ್ನು ತೋಡಿ ಹೊರಗೆ ಹಾಕತೊಡಗಿದರು. ತಾಳ ನಿಂತವು. ಮುದಕಪ್ಪ ಅವರ ಕಾಲು ಹಿಡಿದುಕೊಂಡ. "ನಿಮ್ಮ ಕೈ ಮುಟ್ಟಿದ್ದರೀ ಅಜ್ಜಾರ, ಚೆಲ್ಲಬ್ಯಾಡ್ರಿ!"

ಅಜ್ಜನವರಿಗೆ ಏದುಸಿರು ಹತ್ತಿತ್ತು. ಸ್ವಲ್ಪ ಹೊತ್ತು ಗಡಿಗೆಯ ಅಂಚು ಹಿಡಿದು ನಿಂತರು.

"ಮುದಕಪ್ಪಾ, ಅದು ದಣದೈತಿ. ಎಷ್ಟು ವಿಷ ನುಂಗಬೇಕೋ ಅಷ್ಟೂ ನುಂಗೇತಿ. ದಣದದ್ದಕ್ಕ ಕೈ ಮುಗೀಬ್ಯಾಡೋ, ಬಿಡುಗಡಿ ಕೊಡು."

ಅಷ್ಟೇ. ಗುಡಿಸಲಲ್ಲಿ ಸುಟ್ಟಿಟ್ಟಿದ್ದ ಹೊಸ ಹೊಟ್ಟನ್ನು ಬುಟ್ಟಿಗೆ ಹಾಕಿಕೊಂಡು ತೊಳೆಯಲು ಕುಳಿತರು. ಜನ ಒಬ್ಬೊಬ್ಬರಾಗಿ ಜಾರಿದರು. ದಾನವ್ವ ಮಗಳನ್ನು ಕಂಬಳಿಯ ಮೇಲೆ ಮಲಗಿಸಿ, ಅಜ್ಜನವರ ಕೈಯಿಂದ ಬುಟ್ಟಿ ತೆಗೆದುಕೊಂಡಳು. ಎಂದೂ ಯಾರಿಗೂ ಬಾಗದವಳು ಬಗ್ಗಿ ಹೊಟ್ಟು ತೊಳೆದಳು. ಮುದಕಪ್ಪ ಬಾವಿಕಟ್ಟೆಗೆ ಆತು ಬಹಳ ಹೊತ್ತು ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಒನಕೆ ಹಿಡಿದು ಉಳಿದದ್ದನ್ನು ಕುಟ್ಟಿಕೊಟ್ಟ. ಸಂಜೆಗೆ ಗಡಿಗೆಯಿಂದ ತಿಳಿನೀರು ಬಿತ್ತು.

ದಾನವ್ವ ತಂಬಿಗೆ ಚಾಚಿದಳು. "ಮೊದಲ ನೀ ಕುಡಿ ಯಣ್ಣಾ. ಈವತ್ತು ನಿನ್ನ ನಂಬಿಕಿ ನೋಡೂಣು."

ಅಜ್ಜನವರು ಅಂದು ಒಮ್ಮೆ ನಕ್ಕರು. ಮುದಕಪ್ಪ ಕುಡಿದ.

ಯಾರ್ಯಾರು ಏನಾದರೆಂದು ಹೇಳಿ ಮುಗಿಸುತ್ತೇನೆ. ಸಂಕವ್ವ ಒಂದೇ ದಿನಕ್ಕೆ ಎದ್ದು ಕೂಡಲಿಲ್ಲ. ಮಳೆಗಾಲವೆಲ್ಲ ಗಂಜಿ ಕುಡಿದು ನಿಧಾನಕ್ಕೆ ಚೇತರಿಸಿಕೊಂಡಳು. ಈಗ ಅವಳಿಗೂ ಮೊಮ್ಮಕ್ಕಳು. ಓಣಿಯವರು ತಮ್ಮ ತಮ್ಮ ಗಟಾರದ ಬಾಯಿಗೆ ಕುಣಿ ತೋಡಿ ಸುಟ್ಟ ಹೊಟ್ಟು ತುಂಬಿದರು, ಬಣ್ಣದ ನೀರು ಅದನ್ನು ದಾಟಿಯೇ ಹೋಗಬೇಕು. ಸೆರಗಿಗೆ ಹೊಟ್ಟು ಕಟ್ಟಿಕೊಂಡವಳು ಸೆರಗೆಲ್ಲ ಕಲೆಯಾಗಿ ಅತ್ತೆಯ ಕೈಲಿ ಬೈಸಿಕೊಂಡಳು. ಅಜ್ಜನವರು ಮರು ವರ್ಷ ದೇಹ ಬಿಟ್ಟರು. ಗದ್ದುಗೆ ಕಟ್ಟಬೇಕೆಂದು ಜನ ಕಲ್ಲು ತಂದಾಗ ಅಡ್ಡ ನಿಂತವನು ಮುದಕಪ್ಪನೇ. "ದಣದಾರ್ರೀ, ಬಿಡ್ರಿ ಅವರನ್ನ" ಎಂದ. ಮಣ್ಣಿನಲ್ಲಿ ಮಣ್ಣಾದರು.

ಅಂದಿನಿಂದ ಅಮಾವಾಸ್ಯೆ ತಪ್ಪದೆ ಮುದಕಪ್ಪ ಹಳೆಯ ಹೊಟ್ಟನ್ನು ತಲೆಯ ಮೇಲೆ ಹೊತ್ತು ಇಟ್ಟಂಗಿ ಭಟ್ಟಿಗೆ ಒಯ್ದು ಬೆಂಕಿಗೆ ಹಾಕಿ, ಹಿಂದಿರುಗಿ ನೋಡದೆ ಬರುತ್ತಿದ್ದ. ಅವನ ಕಡೆಗಾಲಕ್ಕೆ ಬಾಯಿಗೆ ನೀರು ಬಿಡಲು ದಾನವ್ವ ಮುದುಕಿ ಕೋಲೂರಿಕೊಂಡು ಹೋದಳು. ಬಟ್ಟಲು ತುಟಿಗೆ ತಾಗಿದಾಗ ಅವನು ಕಣ್ಣು ತೆರೆದು ಕೇಳಿದ:

"ಹೊಟ್ಟು ಬದಲ ಮಾಡೀರೇನು?"

"ಮಾಡೇನಿ ಯಣ್ಣಾ. ಕುಡಿ" ಎಂದಳು ದಾನವ್ವ.

ಅವನು ಬಟ್ಟಲೊಳಗೆ ಇಣುಕಿ ನೋಡಿ, ಕುಡಿದ.