ತಾನೇ ನುಡಿದ ಏಕತಾರಿ

ಏಕತಾರಿ ಹೆಂಗಸಿನ ಕೈಗೆ ನುಡಿಯುವುದಿಲ್ಲ. ಬಹಳ ಹಿಂದೆ, ಹೊಳೆದಂಡೆಯ ಒಂದೂರಿನಲ್ಲಿ ಎಲ್ಲರೂ ಹೀಗೆ ನಂಬಿದ್ದರು. ಯಾರಾದರೂ ಕೈಗೆ ಕೊಟ್ಟು ನೋಡಿದ್ದರೇ ಎಂದು ಕೇಳಬೇಡಿ. ನಂಬಿದ್ದರು, ಅಷ್ಟೆ.

ಆ ಊರಿನಲ್ಲಿ ತಿರಕಪ್ಪ ಎಂಬ ಹಾಡುಗಾರನಿದ್ದನಂತೆ. ಅವನು ಏಕತಾರಿ ಮೀಟಿ ಮೂರು ಪದ ಹೇಳದೆ ಊರಲ್ಲಿ ಯಾರ ಹೆಣವೂ ಏಳುತ್ತಿರಲಿಲ್ಲವಂತೆ. ಅವನ ಪದ ಕೇಳಿ ಎತ್ತುಗಳು ಮೇವು ಬಿಡುತ್ತಿದ್ದವಂತೆ, ಹೊಳೆ ಹರಿಯುವುದನ್ನು ನಿಲ್ಲಿಸುತ್ತಿತ್ತಂತೆ. ಹೊಳೆ ನಿಂತದ್ದನ್ನು ಕಂಡವರು ಮಾತ್ರ ಯಾವಾಗಲೂ ಪಕ್ಕದೂರಿನವರು.

ಒಂದು ದಿನ ತಿರಕಪ್ಪನೇ ಸತ್ತ. ಹೆಣವನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂರಿಸಿದರು. ಹೆಂಡತಿ ಹೊಳೆವ್ವ ಕೇಳಿದ್ದು ಒಂದೇ: ಊರಿಗೆಲ್ಲ ಪದ ಹೇಳಿದವನನ್ನು ಮೂಕನ ಹಾಗೆ ಕಳಿಸಬೇಡಿ, ಪಕ್ಕದೂರಿಂದ ಹಾಡುಗಾರನನ್ನು ಕರೆಸಿ. ಊರ ಹಿರಿಯ ಬಣಕಾರ ಹೇಮಣ್ಣ ಬಿಸಿಲು ನೋಡಿದ. ಎರಡು ಹರದಾರಿ ಹೋಗಿಬರುವವರು ಯಾರು ಅಂದ. ಇದೇ ಹೇಮಣ್ಣನ ಅವ್ವ ಸತ್ತಾಗ ತಿರಕಪ್ಪ ಜ್ವರದಲ್ಲಿ ನಡುಗುತ್ತ ಬಂದು ಪದ ಹೇಳಿದ್ದ. ಅದು ಯಾರ ನೆನಪಿಗೂ ಬರಲಿಲ್ಲ. ಹೆಗಲು ಕೊಡಲು ನಾಲ್ವರು ಎದ್ದರು.

ಹೊಳೆವ್ವ ಒಳಗೆ ಹೋಗಿ ಅಗಳಿ ಹಾಕಿಕೊಂಡಳು.

ಒಳಗಿನಿಂದ ಏಕತಾರಿ ನುಡಿಯಿತಂತೆ. ಒಂದು ಪದ, ಎರಡು ಪದ, ಮೂರು ಪದ. ಒಂದು ಮೀಟೂ ತಪ್ಪಲಿಲ್ಲವಂತೆ. ಹೇಮಣ್ಣ ಚಪ್ಪಲಿ ಬಿಟ್ಟು ಅಡ್ಡಬಿದ್ದ.

“ಕೇಳ್ರೋ, ತಾನಽ ನುಡಿಯಾಕತ್ತೇತಿ!”

ಹೊಳೆವ್ವ ಏಕತಾರಿ ಹಿಡಿದೇ ಕದ ತೆಗೆದಳು. ಬೆರಳು ಕೆಂಪಗಾಗಿತ್ತು.

“ತಾನಽ ನುಡಿಯಾಕ ಅದೇನು ಹುಂಜೇನೋ ಹೇಮಣ್ಣಾ? ನುಡಿಸಿದಾಕಿ ನಾನು.”

“ಪಾಪ, ಗಂಡ ಸತ್ತ ಸಂಕಟಕ್ಕ ತಲಿ ತಿರುಗೇತಿ,” ಅಂದ ಹೇಮಣ್ಣ.

ಏಕತಾರಿಯ ಸೋರೆಬುರುಡೆಗೆ ತಾನೇ ನುಡಿಯಲು ಬರುತ್ತದೆ ಎಂಬುದನ್ನು ಊರು ನಿಂತ ನಿಲುವಿನಲ್ಲೇ ಒಪ್ಪಿತು. ಹೆಂಗಸಿಗೆ ನುಡಿಸಲು ಬರುತ್ತದೆ ಎಂಬುದನ್ನು ಒಪ್ಪಲಿಲ್ಲ. ಏಕತಾರಿಯನ್ನು ಅವಳ ಕೈಯಿಂದ ಕಿತ್ತು ಗುಡಿಯಲ್ಲಿಟ್ಟರು. ಕೊಡಿ, ನಿಮ್ಮೆದುರಿಗೇ ನುಡಿಸಿ ತೋರಿಸುತ್ತೇನೆ ಎಂದು ಅವಳು ಸಾಯುವತನಕ ಕೇಳಿದಳಂತೆ. ಮೈಲಿಗೆಯಾಗುತ್ತದೆ ಅಂದರಂತೆ. ಅವಳ ಹೆಣವನ್ನು ಪದವಿಲ್ಲದೆ ಎತ್ತಿದರು.

ಇವತ್ತಿಗೂ ತಿರಕಪ್ಪ ಸತ್ತ ದಿನ ಗಂಡಸರು ಮಿಂದು ಬಂದು ಏಕತಾರಿಯ ಮುಂದೆ ಕೂರುತ್ತಾರೆ, ಮತ್ತೆ ನುಡಿಯಲಿ ಎಂದು. ಮಧ್ಯಾಹ್ನದವರೆಗೆ ಕಾದು, ಉಂಡು ಏಳುತ್ತಾರೆ. ಹೆಂಗಸರು ಹೊರಗೆ ಅಡುಗೆ ಮಾಡುತ್ತಾರೆ.

ತಿರಕಪ್ಪನಿಗೆ ಏಕತಾರಿ ಕಲಿಸಿದವಳು ಹೊಳೆವ್ವ.