ತೂಬಿನ ಎದುರಿನ ಸೊನ್ನೆ

"ಗುರುಗಳೇ, ಹನ್ನೆರಡು ವರ್ಷ ನಿಮ್ಮ ಮಾತು ಕೇಳಿದೆ. ನಾನು ಬದಲಾಗಲೇ ಇಲ್ಲವಲ್ಲ, ಯಾಕೆ?" ಎಂದು ಶಿಷ್ಯ ಕೇಳಿದ.

"ಹನ್ನೆರಡು ವರ್ಷ ಕಾದು ಇವತ್ತು ಕೇಳಿದೆಯಾ ಪುಣ್ಯಾತ್ಮ! ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನ ಕೆರೆ ತುಂಬಿ ಏರಿಯ ಅಂಚಿಗೆ ಬಂದಿತ್ತು. ಏರಿಯ ಕೆಳಗೆ ಮೂವತ್ತು ಮನೆ. ನೀರು ಹೊರಬಿಡುವ ತೂಬಿನ ಎದುರಿಗೆ ಮೊದಲ ಮನೆಯೇ ನೀರಗಂಟಿಯದು. ಕೆರೆ ಕಾಯುವವನು ಅವನೇ. ಒಳಗೆ ಅವನ ಮಗಳು ಬಾಣಂತಿ.

ಏರಿ ತಡೆದೀತೇ ಎಂದು ನೋಡಲು ಒಬ್ಬ ಎಂಜಿನಿಯರಮ್ಮ ಲ್ಯಾಪ್‌ಟಾಪ್ ಹಿಡಿದು ಬಂದಳು. ಅದರಲ್ಲಿ ಸಂಖ್ಯಾಶಾಸ್ತ್ರದ ಒಂದು ಸಾಫ್ಟ್‌ವೇರ್. ಏರಿ ಎಲ್ಲೆಲ್ಲಿ ಎಷ್ಟು ಗಟ್ಟಿ ಎಂದು ನಮ್ಮ ನಂಬಿಕೆ, ಆ ನಂಬಿಕೆಯಲ್ಲಿ ಎಷ್ಟು ಅನುಮಾನ ಎಂದು ಅದಕ್ಕೆ ಮೊದಲು ಹೇಳಬೇಕು. ಆಮೇಲೆ ಮಣ್ಣು ಪರೀಕ್ಷಿಸಿ ಅಂಕಿ ಕೊಟ್ಟರೆ ನಂಬಿಕೆಯನ್ನು ತಿದ್ದುತ್ತದೆ, ಇನ್ನೂ ಉಳಿದ ಅನುಮಾನ ಇಷ್ಟು ಎಂದೂ ತೋರಿಸುತ್ತದೆ. ನೀರಗಂಟಿ ಒಂದೊಂದು ಜಾಗಕ್ಕೂ ಹೇಳುತ್ತ ಹೋದ. ತೂಬು ಬಂದಾಗ, "ಇದು ನಮ್ಮಜ್ಜ ಕಟ್ಟಿದ್ದು ತಾಯಿ. ಅನುಮಾನ ಸೊನ್ನೆ ಅಂತ ಬರೀರಿ" ಎಂದ. ಅವಳೂ ಬರೆದಳು.

ತೂಬಿನ ಎರಡೂ ಬದಿಯ ಮಣ್ಣು ತೆಗೆದು ನೋಡಿದರು. ಕೈಗೆ ಬಂದದ್ದು ಕೆಸರು. ಆ ಅಂಕಿ ತುಂಬಿದರೂ ತೂಬು ಮಾತ್ರ ಮೊದಲಿನಷ್ಟೇ ಗಟ್ಟಿ ಎಂದಿತು ಯಂತ್ರ. "ನೋಡಿದಿರಾ? ಯಂತ್ರವೂ ನಮ್ಮಜ್ಜನಿಗೆ ಶರಣು!" ಎಂದು ನೀರಗಂಟಿ ನಕ್ಕ.

ಅವಳು ನಗಲಿಲ್ಲ. ಉಳಿದ ಅನುಮಾನದ ಪಟ್ಟಿಯನ್ನು ಸಾಲು ಸಾಲಾಗಿ ನೋಡಿದಳು. ಬೇರೆಲ್ಲ ಕಡೆ ಅನುಮಾನ ಕಡಿಮೆಯಾಗಿತ್ತು. ತೂಬಿನ ಎದುರಿಗೆ ಮೊದಲೂ ಸೊನ್ನೆ, ಈಗಲೂ ಸೊನ್ನೆ.

"ಯಜಮಾನರೇ, ಇಲ್ಲಿ ಇದು ಏನನ್ನೂ ಕಲಿತೇ ಇಲ್ಲ. ಅನುಮಾನ ಸೊನ್ನೆ ಅಂದರೆ ಈ ನಂಬಿಕೆ ತಿದ್ದಲೇಬೇಡ ಅಂದ ಹಾಗೆ; ಆಮೇಲೆ ಸಾವಿರ ಗುಂಡಿ ತೋಡಿದರೂ ಕಲಿಯೋದಿಲ್ಲ. ಬೇರೆ ಜಾಗಕ್ಕೆ ಕೊಟ್ಟಷ್ಟು ಅನುಮಾನ ಇದಕ್ಕೂ ಕೊಡಿ."

ನೀರಗಂಟಿ ಮಗಳಿದ್ದ ಮನೆಯ ಕಡೆ ನೋಡಿದ. "ಅಜ್ಜ ಕ್ಷಮಿಸಲಿ. ಹಾಕಿ" ಎಂದ.

ಅಬ್ಬಾ! ಅದೇ ಮಣ್ಣು, ಅದೇ ಅಂಕಿ. ಆದರೆ ಅಕ್ಕಪಕ್ಕದ ಕೆಸರಿನ ಸುದ್ದಿ ಈಗ ತೂಬಿಗೂ ಮುಟ್ಟಿತು. ತೂಬಿನ ಗಟ್ಟಿತನ ಪರದೆಯ ಮೇಲೆ ಅರ್ಧಕ್ಕರ್ಧ ಇಳಿಯಿತು. ನೀರಗಂಟಿ ಓಡಿಹೋಗಿ ಮಗಳನ್ನೂ ಮಗುವನ್ನೂ ದಿಬ್ಬ ಹತ್ತಿಸಿದ. ಹಿಂದೆಯೇ ಉಳಿದ ಮನೆಯವರೆಲ್ಲರೂ ಹತ್ತಿದರು. ಸಂಜೆಗೆ ತೂಬು ಕಿತ್ತುಹೋಯಿತು. ಮಗುವನ್ನು ಎದೆಗೊತ್ತಿಕೊಂಡು, ನೀರು ತನ್ನ ಮನೆಯ ಮೇಲೆ ಹಾದುಹೋಗುವುದನ್ನು ಅವನು ಬೆರಗಾಗಿ ನೋಡುತ್ತ ನಿಂತ.

ಗುರುಗಳು ಶಿಷ್ಯನ ಮುಖವನ್ನೇ ನೋಡಿದರು.

"ಇಲ್ಲಿಗೆ ಬಂದ ದಿನ ನೀನು ಎಲ್ಲೆಲ್ಲಿ ಸೊನ್ನೆ ಬರೆದುಕೊಂಡು ಬಂದಿದ್ದೆ, ಮಗು?"